ಬಿಸಿಂಗ್ ಮೇಡಂ ಕಲಿಸಿದ ‘ನೋ’

ಹಡಗಿನವರ ಇಂಗ್ಲಿಷು ಎಂಬುದು ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ ಎಂದರೆ ನಮ್ಮ ಪನಾಯ್ ದ್ವೀಪದ ಪಂಡಿತರು ಮೂಗು ಮುರಿಯುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ ಇಲೊಯಿಲೊ ನದಿಯ ದಂಡೆಯ ನಮ್ಮ ನಾವಿಕ ವಿದ್ಯಾಲಯದಲ್ಲಿ ಆ ವಿದ್ಯೆಗೊಂದು ಕೊಠಡಿಯನ್ನೂ, ಒಂದು ಕರಿಹಲಗೆಯನ್ನೂ, ಗೊರಗೊರ ಎನ್ನುವುದನ್ನು ಬಿಟ್ಟು ಬೇರೇನೂ ಅರಿಯದ ಎರಡು ಹಳೆಯ ರೇಡಿಯೊಗಳನ್ನೂ ದಕ್ಕಿಸಿಕೊಟ್ಟು, ಇವತ್ತು ಜಗತ್ತಿನ ಯಾವ ಬಂದರಿಗೆ ಹೋದರೂ “ನೀವು ತೆರುವೆಲ್ ಮೇಡಂ ಶಿಷ್ಯರೇ?” ಎಂದು ಕೇಳುವ ಮಟ್ಟಕ್ಕೆ ಅದನ್ನು ಬೆಳೆಸಿದವರು ಕುಮಾರಿ ವಿಸಿತಾಸಿಯೋನ್ ತೆರುವೆಲ್ ಅವರು. ಶಾಲೆಯ ದಾಖಲೆಗಳಲ್ಲಿ ಮಾತ್ರ ಅವರು ವಿಸಿತಾಸಿಯೋನ್; ಮೂರು ತಲೆಮಾರಿನ ಕ್ಯಾಪ್ಟನ್ನರಿಗೂ ಅಡುಗೆಯವರಿಗೂ ದ್ವಾರಪಾಲಕನಿಗೂ ಅವರು ಬಿಸಿಂಗ್ ಮೇಡಂ.

ಇದು ಅವರಿಗೆ ಅರ್ಪಿತವಾಗುತ್ತಿರುವ ಮೂರನೆಯ ಅಭಿನಂದನ ಗ್ರಂಥ. ಒಬ್ಬರ ಒಂದೇ ನಿವೃತ್ತಿಗೆ ಮೂರು ಗ್ರಂಥಗಳೇ ಎಂದು ಹೊರಗಿನವರು ಹುಬ್ಬೇರಿಸುವುದು ಸಹಜ. ಮೊದಲನೆಯದಕ್ಕೆ ಚಿನ್ನದ ಬಣ್ಣದ ಅಕ್ಷರಗಳಿದ್ದವು, ಅದು ವಾಚನಾಲಯದಲ್ಲಿದೆ. ಎರಡನೆಯದು ತಕ್ಕಮಟ್ಟಿಗೆ ದಪ್ಪವಾಗಿದ್ದುದರಿಂದ ರೇಡಿಯೊ ಕೊಠಡಿಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಒತ್ತಿ ಹಿಡಿದಿದೆ. ಎರಡೂ ಸಲ ಗ್ರಂಥ ಬಿಡುಗಡೆಯಾಯಿತು, ಮೇಡಂ ಮಾತ್ರ ಬಿಡುಗಡೆಯಾಗಲಿಲ್ಲ. ಆದಕಾರಣ ಈ ಸಲ ಸಂಪಾದಕ ಮಂಡಳಿಯವರು ಒಂದು ನಿರ್ಣಯ ಕೈಗೊಂಡರು: ಮೇಡಂ ಅವರು ಜಲಸಂಧಿ ದಾಟಿ, ಆಚೆ ದಡದ ಗಿಮಾರಾಸ್ ದ್ವೀಪದ ಮಣ್ಣಿನ ಮೇಲೆ ಎರಡೂ ಕಾಲಿಟ್ಟರೆಂದು ಕಣ್ಣಾರೆ ಕಂಡವರು ಬಂದು ಹೇಳುವ ತನಕ ಒಂದು ಪುಟವೂ ಅಚ್ಚಿಗೆ ಹೋಗಕೂಡದು. ಕಂಡವರು ಬಂದು ಹೇಳಿದ್ದಾರೆ. ಹಾಗಾಗಿ ಈ ಲೇಖನವನ್ನು ಧೈರ್ಯವಾಗಿ ಬರೆಯಬಹುದಾಗಿದೆ.

ಬಿಸಿಂಗ್ ಮೇಡಂ ಅವರು ತಿಗ್ಬಾವಾನ್ ಊರಿನವರು. ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಶಿಕ್ಷಕಿಯಾಗಬೇಕೆಂಬುದು ಅವರ ಆಸೆಯಾಗಿತ್ತು. ಊರಿನ ಪ್ರಾಥಮಿಕ ಶಾಲೆಯಲ್ಲಿ ಕೆಲಸವೂ ಗೊತ್ತಾಗಿತ್ತು. ಒಂದು ದಿನ ನಮ್ಮ ವಿದ್ಯಾಲಯದ ಕಚೇರಿಯಲ್ಲಿದ್ದ ಸೋದರ ಸಂಬಂಧಿಗೆ ಊಟದ ಡಬ್ಬಿ ಕೊಡಲೆಂದು ಬಂದವರನ್ನು ಅಂದಿನ ನಿರ್ದೇಶಕರು ನೋಡಿದರು. ಆ ಹಿರಿಯರು ಆಯುಸ್ಸಿನ ಬಹುಭಾಗವನ್ನು ಪರದೇಶದ ಹಡಗುಗಳಲ್ಲಿ ಕಳೆದು ಆಗಷ್ಟೇ ನೆಲಕ್ಕಿಳಿದಿದ್ದವರು.

“ಇಂಗ್ಲಿಷ್ ಮೇಷ್ಟ್ರು ಹೇಳದೆ ಕೇಳದೆ ಸೌದಿಗೆ ಹೊರಟುಹೋದ್ರು ಕಣಮ್ಮ. ನಾಳೆಯಿಂದ ನೀನು ಬಂದು ಪಾಠ ಮಾಡ್ತೀಯಾ?” ಎಂದರು.

“ಐ ವಿಲ್ ಟ್ರೈ, ಸರ್,” ಎಂದರು ಮೇಡಂ, ತಲೆ ತಗ್ಗಿಸಿ, ಅತ್ಯಂತ ವಿನಯದಿಂದ.

“ಭೇಷ್! ಬೆಳಗ್ಗೆ ಏಳಕ್ಕೆಲ್ಲ ಬಂದುಬಿಡು.”

ಆ ಸಂಜೆ ಮನೆಗೆ ಹೋಗಿ ತಂಗಿ ಕೊರಿಂಗ್ ಅವರ ಮುಂದೆ ಮೇಡಂ ಅತ್ತರಂತೆ. “ಬರಲ್ಲ ಅಂತ ಅಷ್ಟು ಚೆನ್ನಾಗಿ ಹೇಳಿದೀನಿ ಕಣೆ, ಅವರು ಬಾ ಅಂತಾರಲ್ಲೇ!”

“ಅದಕ್ಯಾಕೆ ಅಳ್ತೀಯ? ನಾಳೆ ಹೋಗಿ ಬಾಯಿಬಿಟ್ಟು ಆಗಲ್ಲ ಅಂತ ಹೇಳಿ ಬಾ.”

“ಅಯ್ಯೋ, ಅಷ್ಟು ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ಹೇಳೋದುಂಟೇನೆ?”

ಮರುದಿನ ಬೆಳಗ್ಗೆ ಮೇಡಂ ಹೋದರು. ಆಗಲ್ಲ ಎಂದು ಹೇಳುವುದಕ್ಕೇ ಹೋಗಿದ್ದು. ಹೇಳಲಾಗದೆ ಪಾಠ ಮಾಡಿ ಬಂದರು. ನಮ್ಮ ವಿದ್ಯಾಲಯದ ಅತ್ಯಂತ ಸುದೀರ್ಘ ಸೇವೆ ಆರಂಭವಾದದ್ದು ಹೀಗೆ. ನಡುವಯಸ್ಸು ದಾಟುವವರೆಗೂ ಅವರಿಗೆ ಆ ಪ್ರಾಥಮಿಕ ಶಾಲೆಯ ಗಂಟೆ ಕೇಳಿದರೆ ದಾರಿಯಲ್ಲೇ ಕಾಲು ನಿಂತುಬಿಡುತ್ತಿತ್ತು.

ಈ ‘ಐ ವಿಲ್ ಟ್ರೈ’ ಎಂಬ ಮಾತಿನ ಸರಿಯಾದ ಬಳಕೆ ಯಾವುದು ಎಂಬ ಪ್ರಶ್ನೆ ಮುಂದೆ ಮೇಡಂ ಅವರ ಜೀವಿತದ ಮುಖ್ಯ ವಿಚಾರವಾಯಿತಾದ್ದರಿಂದ ಇಲ್ಲಿ ನಾಲ್ಕು ಮಾತು ಅಗತ್ಯ. ನಮ್ಮಲ್ಲಿ ಯಾರಾದರೂ ಮಗುವಿನ ನಾಮಕರಣಕ್ಕೆ ಕರೆದರೆ, ಹೋಗುವ ಮನಸ್ಸಿಲ್ಲದಿದ್ದಾಗ ನಾವು ‘ಐ ವಿಲ್ ಟ್ರೈ’ ಎನ್ನುತ್ತೇವೆ. ಕರೆಯಲು ಬಂದವರಿಗೆ ತಕ್ಷಣ ತಿಳಿಯುತ್ತದೆ. ಅವರು ಮನೆಗೆ ಹೋಗಿ ಒಬ್ಬರ ಅಡುಗೆ ಕಡಿಮೆ ಮಾಡುತ್ತಾರೆ. ಯಾರ ಮುಖವೂ ಸಣ್ಣದಾಗುವುದಿಲ್ಲ. ಅದೇ ಮಾತನ್ನು ಒಬ್ಬ ನಾರ್ವೆಯವನಿಗೆ ಹೇಳಿ ನೋಡಿ, ಅವನು ಒಂದು ತಟ್ಟೆ ಹೆಚ್ಚಿಗೆ ಇಟ್ಟು ಬಾಗಿಲು ನೋಡುತ್ತಾ ಕೂತಿರುತ್ತಾನೆ. ನಮ್ಮವರ ಬಳಕೆ ತಪ್ಪು ಎಂದು ಮೇಡಂ ಎಂದೂ ಹೇಳಿದವರಲ್ಲ. ಮನಿಲಾದ ವಿದ್ವಾಂಸರೊಬ್ಬರು ವಿಚಾರ ಸಂಕಿರಣದಲ್ಲಿ ಅದನ್ನು ಅಶುದ್ಧ ಪ್ರಯೋಗವೆಂದು ಜರೆದಾಗ ಇವರು ಎದ್ದು ನಿಂತು, “ಇಂಗ್ಲಿಷು ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳ್ಕೊಂಡು, ನಮ್ಮ ಚಾಪೆ ಮೇಲೆ ಕೂತು ತುಂಬಾ ವರ್ಷ ಆಯ್ತು ಸ್ವಾಮಿ. ನಮ್ಮ ಮರ್ಯಾದೆ ಅದಕ್ಕೂ ಸ್ವಲ್ಪ ಹತ್ತಿದ್ರೆ ನಿಮಗೇನು ಸಂಕಟ?” ಎಂದು ಕೇಳಿದ್ದನ್ನು ನಾವೇ ಕೇಳಿಸಿಕೊಂಡಿದ್ದೇವೆ. ಅವರ ತಕರಾರು ಇದ್ದದ್ದು ಒಂದೇ ಕಡೆ, ರೇಡಿಯೊದಲ್ಲಿ. “ಮದುವೆಗೆ ಕರೆಯೋಕೆ ಬಂದವರಿಗೆ ಧಾರಾಳವಾಗಿ ಹೇಳಿ, ಬೇಡ ಅನ್ನಲ್ಲ. ಆದ್ರೆ ಕಡಲ ಮೇಲೆ ರೇಡಿಯೊದಲ್ಲಿ ನಿಮ್ಮನ್ನ ಯಾರೂ ಮದುವೆಗೆ ಕರೀತಿಲ್ಲ ಕಣ್ರೋ!” ಎಂದು ಪ್ರತಿ ವರ್ಷ ಮೊದಲ ದಿನದ ಪಾಠದಲ್ಲಿ ಹೇಳುತ್ತಿದ್ದರು.

ಈ ಜ್ಞಾನೋದಯಕ್ಕೆ ಕಾರಣರಾದವರು ಅವರ ತಂಗಿಯ ಗಂಡ, ಗಿಮಾರಾಸ್‌ನ ಪಂಪ್ ಬೋಟಿನ ಮಾಲೀಕ ಕ್ರಿಸ್ಪೂಲೊ ಅವರು. ಮಾವಿನ ಸುಗ್ಗಿಯಲ್ಲಿ ಬುಟ್ಟಿಗಳ ಮೇಲೆ ಬುಟ್ಟಿ ಪೇರಿಸಿಕೊಂಡು ಇಲೊಯಿಲೊ ಮಾರುಕಟ್ಟೆಗೆ ಹೊರಟಿದ್ದಾಗ ಜಲಸಂಧಿಯ ನಟ್ಟನಡುವೆ ಅವರ ದೋಣಿಯ ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಎದುರಿಗೆ ಬೆಟ್ಟದಂಥ ಸರಕಿನ ಹಡಗು. ಹಡಗಿನವರು ರೇಡಿಯೊದಲ್ಲಿ, ದಾರಿ ಬಿಟ್ಟು ಸರಿಯುತ್ತೀರಾ ಎಂದು ಕೇಳಿದರು. ಹೊಸದಾಗಿ ಕೊಂಡ ರೇಡಿಯೊ. ಅದರಲ್ಲಿ ಬಂದ ಮೊದಲ ಪರದೇಶಿ ದನಿ. ಅಂಥವರಿಗೆ ಆಗಲ್ಲ ಎನ್ನುವುದು ಹೇಗೆ? ಕ್ರಿಸ್ಪೂಲೊ ಎದೆಯುಬ್ಬಿಸಿಕೊಂಡು, “ಐ ವಿಲ್ ಟ್ರೈ, ಸರ್!” ಎಂದರು. ಹಡಗು ನಿಶ್ಚಿಂತೆಯಾಗಿ ಬಂತು. ಕೊನೆಯ ಗಳಿಗೆಯಲ್ಲಿ ಹೇಗೋ ತಿರುಗಿಕೊಂಡಿತಾದರೂ ಅದೆಬ್ಬಿಸಿದ ಅಲೆಗೆ ಪಂಪ್ ಬೋಟು ಮಗುಚಿತು. ಖಾಲಿ ಬುಟ್ಟಿಯೊಂದನ್ನು ತಬ್ಬಿಕೊಂಡು ತೇಲುತ್ತಿದ್ದ ಕ್ರಿಸ್ಪೂಲೊ ಅವರನ್ನು ಮೀನುಗಾರರು ಎತ್ತಿ ತಂದರು. ಮಾವಿನಹಣ್ಣುಗಳು ತಾವಾಗಿಯೇ ತೇಲಿಕೊಂಡು ಇಲೊಯಿಲೊ ತಲುಪಿದವು. ಆ ವಾರ ನಗರದಲ್ಲಿ ಮಾವಿನಹಣ್ಣು ಕೊಂಡು ತಿಂದವರೇ ಇಲ್ಲ.

ಆಸ್ಪತ್ರೆಯ ಮಂಚದ ಮೇಲೆ ಕೂತು ಕ್ರಿಸ್ಪೂಲೊ ವಾದಿಸಿದರು. “ಆಗಲ್ಲ ಅಂತ ಇನ್ನು ಹೇಗೆ ಹೇಳ್ಬೇಕಿತ್ತು ನಾನು? ‘ಐ ವಿಲ್ ಟ್ರೈ’ ಅಂದೆನಲ್ಲ!”

“ನೋ ಅನ್ನೋಕೆ ಏನಾಗಿತ್ತು? ಬಾಯಲ್ಲಿ ಮಾವಿನ ವಾಟೆ ಸಿಕ್ಕಿಹಾಕ್ಕೊಂಡಿತ್ತಾ?” ಎಂದು ಕೊರಿಂಗ್ ಗುಡುಗಿದರು.

“ಎಂಥಾ ಒರಟು ಮಾತಾಡ್ತೀಯೆ! ಪಾಪ, ಅವರು ಎಲ್ಲಿಂದಲೋ ಬಂದಿರೋರು.”

ಮೇಡಂ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ತಂಗಿಯ ಕೈ ನೋಡಿದರು. ಒಂದು ಗಂಡನಿಗೆ ಗಂಜಿ ಕುಡಿಸುತ್ತಿದ್ದರೆ ಇನ್ನೊಂದು ಅವರ ಅಂಗಿಯ ಚುಂಗನ್ನು ಬಿಡದೆ ಹಿಡಿದುಕೊಂಡಿತ್ತು. ಅಲೆ ಒಂಚೂರು ದೊಡ್ಡದಾಗಿದ್ದರೆ ಕೊರಿಂಗ್ ಇವತ್ತು ವಿಧವೆ ಎಂಬುದು ಹೊಳೆದು ಅವರ ನಗು ನಿಂತಿತು. ತಾವು ಅಷ್ಟು ವರ್ಷ ವ್ಯಾಕರಣವನ್ನು ಕಲಿಸಿದ್ದು ಸಾಕೆಂದೂ, ಇನ್ನು ಮುಂದೆ ಕಲಿಸಬೇಕಾದದ್ದು ಬೇಡ ಎನ್ನುವುದನ್ನೆಂದೂ ಅವರು ಆ ಮಂಚದ ಪಕ್ಕದಲ್ಲೇ ನಿಶ್ಚಯಿಸಿದರು.

ಹಾಗೆ ಹುಟ್ಟಿದ್ದೇ ನಮ್ಮ ವಿದ್ಯಾಲಯದ ಪ್ರಖ್ಯಾತ ‘ನಿರಾಕರಣ ಪರೀಕ್ಷೆ’. ಅದರ ವಿಧಾನವನ್ನು ಅರಿಯದವರಿಗಾಗಿ ಹೇಳುವುದಾದರೆ: ಮೇಡಂ ಅವರು ತೆಂಗಿನ ತುರಿ ಹಾಕಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸಿದ ಬಿಬಿಂಗ್ಕಾ ಎಂಬ ಬಿಸಿಬಿಸಿ ಅಕ್ಕಿ ರೊಟ್ಟಿಯನ್ನು ಬಾಳೆಲೆಯಲ್ಲಿ ತರುತ್ತಿದ್ದರು. ಅದನ್ನು ವಿದ್ಯಾರ್ಥಿಯ ಮೂಗಿನ ಕೆಳಗೆ ಹಿಡಿದು, ತಿನ್ನುತ್ತೀಯಾ ಎಂದು ಮೂರು ಸಲ ಕೇಳುವರು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಪ್ರೀತಿಯಿಂದ. ವಿದ್ಯಾರ್ಥಿ ಮೂರು ಸಲವೂ ‘ನೋ’ ಎಂಬ ಒಂದೇ ಮಾತು ಹೇಳಬೇಕು. ನಗಬಾರದು, ತಲೆ ಕೆರೆದುಕೊಳ್ಳಬಾರದು, ಹೊಟ್ಟೆ ತುಂಬಿದೆ ಎಂದು ಹೊಟ್ಟೆಯ ಮೇಲೆ ಕೈಯಿಡಬಾರದು. ಆಮೇಲೆ ಪ್ರಶ್ನೆ ಕೇಳಿದವರು ಆ ಉತ್ತರವನ್ನು, ರೇಡಿಯೊ ನಿಯಮದಂತೆ, ಮರಳಿ ಹೇಳಬೇಕು.

ಓದುಗರಿಗೆ ಇದು ಸುಲಭವೆನಿಸಿದರೆ ಅವರು ನಮ್ಮ ಕಡೆಯವರಲ್ಲ. ಇಲೊಯಿಲೊದವರ ದನಿಯೇ ಜೋಗುಳದ್ದು. ನಾವು ಬೈದರೂ ಮಗು ಮಲಗಿಸಿದಂತಿರುತ್ತದೆ. ಆ ದನಿಯಲ್ಲಿ ‘ನೋ’ ಎಂದರೆ ‘ಬನ್ನಿ, ಕೂತ್ಕೊಳ್ಳಿ’ ಎಂದಂತೆಯೇ ಕೇಳುತ್ತದೆ. ಅದಕ್ಕಾಗಿ ಮೇಡಂ ನಮ್ಮನ್ನು ನದಿಯ ದಂಡೆಗೆ ಕರೆದೊಯ್ದು, ಆಚೆ ದಡದ ಹೂಳೆತ್ತುವ ಯಂತ್ರದ ಕಡೆಗೆ ಮುಖ ಮಾಡಿಸಿ, “ನೋ! ನೋ!” ಎಂದು ಕಿರುಚಿಸುತ್ತಿದ್ದರು. ಒಮ್ಮೆ ಯಂತ್ರದವರು ಹೆದರಿ ಕೆಲಸ ನಿಲ್ಲಿಸಿದ್ದೂ ಉಂಟು. ಮೊದಲ ವರ್ಷದ ಪರೀಕ್ಷೆಯಲ್ಲಿ ಒಬ್ಬ ‘ನೋ’ ಎಂದು ಹೇಳಿ ಕಣ್ಣಲ್ಲಿ ನೀರು ತಂದುಕೊಂಡ. ಇನ್ನೊಬ್ಬ ‘ನೋ’ ಎಂದವನೇ ಮೇಡಂ ಅವರ ಕಾಲಿಗೆ ಬಿದ್ದ. ಮೂರನೆಯವನು ಬಹಳ ಹೊತ್ತು ಯೋಚಿಸಿ, “ನೋ ಅನ್ನೋಕೆ, ಐ ವಿಲ್ ಟ್ರೈ, ಮೇಡಂ,” ಎಂದ.

ಇವರೆಲ್ಲರಿಗಿಂತ ಕಡೆಯಾಗಿದ್ದವನು ಆಂತಿಕೆಯ ಬೆಟ್ಟಗಳ ಕಡೆಯಿಂದ ಬಂದ ಎಲೆಯುತೆರಿಯೊ ಪಗುನ್ಸಾನ್ ಎಂಬ ಸಣಕಲ ಹುಡುಗ, ನಮ್ಮೆಲ್ಲರ ಬಾಯಲ್ಲಿ ತೆರಿಯೊ. ಅವನು ಬಾಯಿಂದ ಯಾವ ಉತ್ತರವನ್ನೂ ಹೇಳುತ್ತಲೇ ಇರಲಿಲ್ಲ; ಮೊದಲ ಸಲ ಕೇಳಿದಾಗಲೇ ಬಿಬಿಂಗ್ಕಾ ತೆಗೆದುಕೊಂಡು ತಿಂದು, ಬಾಳೆಲೆಯನ್ನೂ ನೆಕ್ಕಿಬಿಡುತ್ತಿದ್ದ. ಹೀಗೆ ಮತ್ತೆ ಮತ್ತೆ ಫೇಲಾದಾಗ ಮೇಡಂಗೆ ಸಿಟ್ಟು ಬಂತು.

“ಲೋ ಟೊಟೊ, ಇದೇನೋ ನಿನ್ನ ನಾಲಿಗೆ? ಒಂದೇ ಒಂದು ಸಲ ನೋ ಅನ್ನೋಕಾಗಲ್ವಾ ನಿಂಗೆ?” ನಮ್ಮೂರಿನಲ್ಲಿ ಗಂಡುಮಕ್ಕಳನ್ನೆಲ್ಲ ಟೊಟೊ ಎನ್ನುವುದು ವಾಡಿಕೆ, ಸಿಟ್ಟಿನಲ್ಲೂ ಅದು ತಪ್ಪುವುದಿಲ್ಲ.

“ಆಗುತ್ತೆ ಮೇಡಂ,” ಎಂದ ಹುಡುಗ, ನೆಲ ನೋಡುತ್ತಾ. “ಆದ್ರೆ ನಿನ್ನೆಯಿಂದ ಏನೂ ತಿಂದಿಲ್ಲ ಮೇಡಂ.”

ಮೇಡಂ ಬಾಳೆಲೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಅಂದಿನ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಇಡೀ ತರಗತಿಯನ್ನು ಎಬ್ಬಿಸಿಕೊಂಡು ಲಾ ಪಾಸ್ ಮಾರುಕಟ್ಟೆಯ ಬಾಚೊಯ್ ಅಂಗಡಿಗೆ ನಡೆದರು. ಬಿಸಿ ಸಾರಿನಲ್ಲಿ ಶಾವಿಗೆಯೂ ಮಾಂಸವೂ ತುಂಬಿದ ದೊಡ್ಡ ಬಟ್ಟಲು ಎಲ್ಲರ ಮುಂದೆಯೂ ಬಂತು; ತೆರಿಯೊನ ಮುಂದೆ ಎರಡು ಬಂದವು. ಒಬ್ಬನಿಗೇ ತಿನ್ನಿಸಿದರೆ ಅವನಿಗೆ ಅವಮಾನವಾದೀತೆಂದು ಎಲ್ಲರನ್ನೂ ಕರೆದೊಯ್ದಿದ್ದರೆಂಬುದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಎಲ್ಲರೂ ತೇಗಿದ ನಂತರ ಅದೇ ಅಂಗಡಿಯಲ್ಲಿ, ಇನ್ನೊಂದು ಬಿಬಿಂಗ್ಕಾ ಹಿಡಿದು ಕೇಳಿದರು. ತೆರಿಯೊ ನೆಟ್ಟಗೆ ಕೂತು ಮೂರು ಸಲವೂ ‘ನೋ’ ಎಂದ. ಅಂಗಡಿಯ ಯಜಮಾನಿ ಬೆಚ್ಚಿ ಸೌಟು ಕೆಳಗಿಟ್ಟಳು.

“ನೋಡಿದ್ರಾ?” ಎಂದರು ಮೇಡಂ ನಮ್ಮ ಕಡೆ ತಿರುಗಿ. “ಹಸಿದವನ ಕೈಲಿ ನೋ ಹೇಳಿಸ್ತಿದ್ದೆನಲ್ಲ, ನನಗೆ ಬುದ್ಧಿ ಎಲ್ಲಿತ್ತು! ಇನ್ನು ಮೇಲೆ ಮೊದಲು ಊಟ, ಆಮೇಲೆ ಪರೀಕ್ಷೆ.”

ಅಂದಿನಿಂದ ಅದೇ ನಿಯಮ. ಓದು ಮುಗಿಯುವವರೆಗೂ ತೆರಿಯೊ ಬೆಳಗಿನ ಉಪಾಹಾರ ಮಾಡಿದ್ದು ಮೇಡಂ ಅವರ ಅಡುಗೆಮನೆಯಲ್ಲಿ. ಅವನು ಹಡಗು ಹತ್ತಿ, ಮೇಲೇರಿ, ಕ್ಯಾಪ್ಟನ್ ಆಗಿ, ತಲೆ ನರೆತ ಮೇಲೆ ಮರಳಿ ಬಂದು ನಮ್ಮ ವಿದ್ಯಾಲಯದ ನಿರ್ದೇಶಕರಾದರು. ಅವನು ಎಂದು ಬರೆಯುತ್ತಿದ್ದ ಲೇಖನಿ ಇಲ್ಲಿಂದ ಮುಂದೆ ಅವರು ಎಂದು ಬರೆಯಬೇಕಾಗಿದೆ; ಮೇಡಂ ಮಾತ್ರ ಕೊನೆಯವರೆಗೂ ಟೊಟೊ ಎಂದೇ ಕರೆದರು.

ಮೇಡಂ ಅವರ ಕೀರ್ತಿ ಪರದೇಶಕ್ಕೆ ಹಬ್ಬಿದ ಪ್ರಸಂಗವನ್ನೂ ಇಲ್ಲಿ ಬಿಡುವಂತಿಲ್ಲ. ನಮ್ಮ ಪಾಠಕ್ರಮವನ್ನು ಪರೀಕ್ಷಿಸಲೆಂದು ಬಂದಿದ್ದ ಎತ್ತರದ ಪರದೇಶಿ ಅಧಿಕಾರಿಯೊಬ್ಬರು ನಿರಾಕರಣ ಪರೀಕ್ಷೆ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೇಡಂ ಸೌಜನ್ಯಕ್ಕಾಗಿ ಅವರಿಗೂ ಬಿಬಿಂಗ್ಕಾ ನೀಡಿದರು. ಆತ ಕಣ್ಣು ಮಿಟುಕಿಸದೆ “ನೋ” ಎಂದರು. ಬರೀ “ನೋ”. ವಿದ್ಯಾರ್ಥಿಗಳೆಲ್ಲ ಉಸಿರು ಬಿಗಿಹಿಡಿದರು. ಮರುಕ್ಷಣ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧಿಕಾರಿಗಳಿಗೆ ತಲೆಬುಡ ತಿಳಿಯಲಿಲ್ಲ. ಸಂಕಟವಾದದ್ದು ಅನಂತರ. ನಮ್ಮಲ್ಲಿ ಅತಿಥಿ ಬೇಡವೆಂದರೂ ಮತ್ತೆ ಮತ್ತೆ ಬಲವಂತ ಮಾಡುವುದು ಪದ್ಧತಿ. ಆದರೆ ಮೇಡಂ ಶಾಲೆಗೆಲ್ಲ ಕಟ್ಟಪ್ಪಣೆ ಮಾಡಿಬಿಟ್ಟಿದ್ದರು: “ಅವರು ನೋ ಅಂದಿದಾರೆ. ನೋ ಅಂದ್ರೆ ನೋ. ಯಾರೂ ಮತ್ತೆ ಕೇಳಿ ಶಾಲೆ ಮಾನ ಕಳೀಬೇಡಿ.” ಹೀಗಾಗಿ ಆ ಮಹನೀಯರಿಗೆ ಸಂಜೆಯವರೆಗೂ ಒಂದು ಲೋಟ ನೀರನ್ನೂ ಯಾರೂ ಕೊಡಲಿಲ್ಲ. ಹೊರಡುವ ಮುನ್ನ ಆತ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆಳಗಿನ ಆ ತಿಂಡಿ ಇನ್ನೂ ಉಳಿದಿದೆಯೇ ಎಂದು ಮೆಲ್ಲಗೆ ಕೇಳಿದರಂತೆ. ವರದಿ ಮಾತ್ರ ಅತ್ಯುತ್ತಮವಾಗಿ ಬಂತು.

ಆ ವರದಿಯೇ ಮೇಡಂಗೆ ಮುಳುವಾಯಿತು; ಅಷ್ಟು ಹೆಸರು ತಂದವರನ್ನು ಬಿಟ್ಟುಕೊಡಲು ಶಾಲೆಗೆ ಮನಸ್ಸಾಗಲಿಲ್ಲ. ನಿವೃತ್ತಿಯ ವಯಸ್ಸು ಬಂತು. ಮೊದಲ ಅಭಿನಂದನ ಗ್ರಂಥ ಸಿದ್ಧವಾಯಿತು. ಗಿಮಾರಾಸ್‌ನಲ್ಲಿ ಕೊರಿಂಗ್ ಅವರು ಅಕ್ಕನಿಗೆಂದು ಮಾವಿನ ಮರದ ಕಡೆ ಕಿಟಕಿಯಿರುವ ಕೋಣೆಗೆ ಹಸಿರು ಬಣ್ಣ ಬಳಿಸಿದರು. ಬಾಲ್ಯದಲ್ಲಿ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಆ ಇಬ್ಬರಿಗೂ ಮುಪ್ಪಿನಲ್ಲಿ ಒಂದೇ ಸೂರಿನಡಿ ಕೂತು ಹರಟಬೇಕೆಂಬುದು ಎಷ್ಟೋ ಕಾಲದ ಆಸೆ; ಮೇಡಂ ಅವರಿಗಂತೂ ಇನ್ನು ಬೇರೇನೂ ಬೇಕಿರಲಿಲ್ಲ. ಆದರೆ ಸಮಾರಂಭದಲ್ಲಿ ಕ್ಯಾಪ್ಟನ್ ತೆರಿಯೊ ಮೈಕು ಹಿಡಿದು, “ಇನ್ನೊಂದೇ ವರ್ಷ ಇರ್ತೀರಾ ಮೇಡಂ?” ಎಂದರು. ತುಂಬಿದ ಸಭೆ, ಆಸೆಗಣ್ಣಿನ ಹುಡುಗರು. ಮೇಡಂ ಬಾಯಿಂದ ಬಂದದ್ದು, “ಐ ವಿಲ್ ಟ್ರೈ.” ಸಭೆ ಕರತಾಡನ ಮಾಡಿತು. ಮುಂದಿನ ವರ್ಷ ಎರಡನೆಯ ಗ್ರಂಥ, ಅದೇ ಮೈಕು, ಅದೇ ಪ್ರಶ್ನೆ, ಅದೇ ಉತ್ತರ. ಕೊರಿಂಗ್ ಅವರು ಅಕ್ಕನಿಗೆಂದು ಕಾದಿಟ್ಟ ಕೋಣೆಗೆ ಹಸಿರಿನ ಮೇಲೆ ಹಳದಿ ಬಳಿಸಿದರು.

“ಊರ ಹುಡುಗರಿಗೆಲ್ಲ ನೋ ಕಲಿಸ್ತೀಯ,” ಎಂದು ಕೊರಿಂಗ್ ಹಂಗಿಸಿದರು. “ನಿನ್ನ ಬಾಯಿಗೆ ಮಾತ್ರ ಅದು ಬರೋಲ್ಲವಲ್ಲೇ ಅಕ್ಕ!”

“ಅವರ ಮುಖ ನೋಡಿದ್ರೆ ಆಗಲ್ಲ ಕಣೆ.”

“ನನ್ನ ಮುಖ ನೋಡಿದ್ರೆ ಆಗುತ್ತಾ?”

ಮೇಡಂ ಆ ರಾತ್ರಿ ಊಟ ಮಾಡಲಿಲ್ಲವೆಂದು ಕೇಳಿದ್ದೇವೆ. ಅವರಿಗೆ ದೋಣಿಯಲ್ಲಿ ಕೂತರೆ ತಲೆ ಸುತ್ತುತ್ತದೆ. ಸಾವಿರಾರು ನಾವಿಕರನ್ನು ತಯಾರು ಮಾಡಿದ ಅವರು ಆ ಪುಟ್ಟ ಜಲಸಂಧಿಯನ್ನು ದಾಟಬೇಕೆಂದರೂ ಮೂಗಿಗೆ ನಿಂಬೆಹಣ್ಣು ಹಿಡಿದುಕೊಳ್ಳಬೇಕು. ಹಾಗಾಗಿ ಅಕ್ಕತಂಗಿಯರ ಭೇಟಿಯಾಗಬೇಕಾದರೆ ಯಾವಾಗಲೂ ಕೊರಿಂಗ್ ಅವರೇ ಬರುತ್ತಿದ್ದರು. ಈ ವರ್ಷ ಅವರು ಕೋಲೂರಿಕೊಂಡು ಬಂದವರು ಅಕ್ಕನ ಮನೆಗೆ ಹೋಗದೆ ನೇರ ನಿರ್ದೇಶಕರ ಕಚೇರಿಗೇ ಹೋದರು.

“ನಮ್ಮಕ್ಕನ್ನ ಯಾವಾಗಪ್ಪ ಬಿಡ್ತೀಯ?”

“ಅವರೇ ಒಪ್ಕೊಂಡ್ರಲ್ಲ ಕೊರಿಂಗಕ್ಕ.”

“ಒಪ್ಕೊಂಡ್ಳಾ? ‘ಐ ವಿಲ್ ಟ್ರೈ’ ಅಂದ್ಳು. ಅದರ ಅರ್ಥ ನಿಂಗೆ ಗೊತ್ತಿಲ್ವಾ? ಅದನ್ನ ಕಲಿಸಿದ್ದೇ ಅವಳು, ಕಲಿತಿದ್ದೇ ನೀನು!” ಕ್ಯಾಪ್ಟನ್ ಮೇಜು ನೋಡಿದರು. ಕೊರಿಂಗ್ ಅವರ ದನಿ ತಗ್ಗಿತು. “ನನ್ನ ಮಂಡಿ ಹೋಗಿದೆ ಮಗ. ಇವತ್ತು ದೋಣಿಯಿಂದ ನನ್ನ ಎತ್ತಿ ಇಳಿಸಿದ್ರು. ಇನ್ನು ಬರೋಕಾಗಲ್ಲ. ಅವಳು ಅಲ್ಲಿಗೆ ಬರದೇ ಇದ್ರೆ ನಾವಿಬ್ರೂ ಒಬ್ಬರನ್ನೊಬ್ಬರು ನೋಡೋದು ಇಷ್ಟೇ.”

“ನೋಡೋಣ ಕೊರಿಂಗಕ್ಕ,” ಎಂದರು ಕ್ಯಾಪ್ಟನ್.

“ನೋಡೋಣ ಅಂತೆ! ಇಡೀ ಶಾಲೇನೇ ಫೇಲು!” ಎಂದು ಕೋಲು ಕುಟ್ಟುತ್ತಾ ಕೊರಿಂಗ್ ಎದ್ದು ಬಂದರು.

ಮೂರನೆಯ ಬೀಳ್ಕೊಡುಗೆಯ ಔತಣ ನದಿಯ ದಂಡೆಯ ಸಭಾಂಗಣದಲ್ಲಿ ಏರ್ಪಾಡಾಗಿತ್ತು. ರಜೆಯ ಮೇಲೆ ಊರಿಗೆ ಬಂದಿದ್ದ ಕ್ಯಾಪ್ಟನ್ನರು, ಎಂಜಿನಿಯರುಗಳು, ಅವರ ಹೆಂಡತಿ ಮಕ್ಕಳು; ಇಡಿಯಾಗಿ ಸುಟ್ಟ ಹಂದಿ, ಮೊಲೊ ಸಾರು. ಇಂಥ ಕಡೆ ಸನ್ಮಾನಿತರಿಗೆ ಮಾತ್ರ ಊಟ ಸಿಗುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಮೇಡಂ ತುತ್ತು ಎತ್ತಿದಾಗಲೆಲ್ಲ ಯಾರಾದರೊಬ್ಬರು ಪಟ ತೆಗೆಸಿಕೊಳ್ಳಲು ಬಂದು ನಿಲ್ಲುತ್ತಿದ್ದರು. ಕ್ಯಾಪ್ಟನ್ ತೆರಿಯೊ ಎದ್ದು ಮೈಕು ಹಿಡಿದಾಗ ಮುಂದೇನೆಂದು ಇಡೀ ಸಭೆಗೆ ಗೊತ್ತಿತ್ತು. ಕೊರಿಂಗ್ ಅವರು ಮೇಜಿನ ಮೇಲಿದ್ದ ಫೋರ್ಕನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿದ್ದ ಕ್ರಿಸ್ಪೂಲೊ ಅದನ್ನು ಮೆಲ್ಲಗೆ ಕಸಿದುಕೊಂಡರು.

“ನಾನೊಂದು ಪ್ರಶ್ನೆ ಕೇಳ್ಬೇಕು,” ಎಂದರು ಕ್ಯಾಪ್ಟನ್. “ಆದ್ರೆ ಮೊದಲು ಮೇಡಂ ಊಟ ಮಾಡ್ಲಿ.”

ಅವರೇ ಅಡುಗೆಮನೆಗೆ ಹೋಗಿ, ಲಾ ಪಾಸ್‌ನಿಂದ ತರಿಸಿಟ್ಟಿದ್ದ ಬಾಚೊಯ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಡಂ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕೂತರು. ಪಟ ತೆಗೆಸಿಕೊಳ್ಳಲು ಬಂದವರನ್ನು ಕಣ್ಣಿನಲ್ಲೇ ಓಡಿಸಿದರು. ಏಳು ಸಮುದ್ರ ಸುತ್ತಿದ ಜನ ತುಂಬಿದ್ದ ಆ ಸಭಾಂಗಣ, ಒಬ್ಬ ಹೆಂಗಸು ಸಾರು ಕುಡಿಯುವುದನ್ನು ಕಮಕ್ ಕಿಮಕ್ ಎನ್ನದೆ ನೋಡುತ್ತಾ ಕೂತಿತು. ಮೇಡಂಗೆ ನಾಚಿಕೆಯೋ ನಾಚಿಕೆ. ಆದರೆ ನಿಜಕ್ಕೂ ಹಸಿದಿದ್ದರು, ಪೂರ್ತಿ ಮುಗಿಸಿದರು.

ಆಗ ಕ್ಯಾಪ್ಟನ್ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಡಿಸಿದರು. ಬಿಸಿ ಬಿಬಿಂಗ್ಕಾ. ಅದನ್ನು ಮೇಡಂ ಅವರ ಮೂಗಿನ ಕೆಳಗೆ ಹಿಡಿದು, “ಮೇಡಂ, ಇನ್ನೊಂದು ವರ್ಷ ಇರ್ತೀರಾ?” ಎಂದರು.

ಸಭೆಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಮೇಡಂಗೂ ಹೊಳೆಯಲಿಲ್ಲವೆಂದು ಕಾಣುತ್ತದೆ. ಅಭ್ಯಾಸಬಲದಿಂದ, “ಐ ವಿಲ್…” ಎಂದರು.

“ಫೇಲ್, ಮೇಡಂ!” ಎಂದು ಹಿಂದಿನ ಸಾಲಿನಿಂದ ಯಾವನೋ ಮುದಿ ಎಂಜಿನಿಯರ್ ಕೂಗಿದ. ಸಭೆ ಗೊಳ್ಳೆಂದಿತು. ಆಗ ಎಲ್ಲರಿಗೂ ಅರ್ಥವಾಯಿತು. ಮೇಡಂ ಕೆಂಪಾದರು.

“ಒಂದೇ ಒಂದು ಸೆಮಿಸ್ಟರ್ ಮೇಡಂ,” ಎಂದರು ಕ್ಯಾಪ್ಟನ್ ಎರಡನೆಯ ಸಲ, ಇನ್ನಷ್ಟು ಪ್ರೀತಿಯಿಂದ. “ಹುಡುಗರು ನಿಮ್ಮನ್ನ ಬಿಟ್ಟು ಹೇಗಿರ್ತಾರೆ?”

“ಹೊಟ್ಟೆ ತುಂಬಿದೆ ಟೊಟೊ…”

“ಕೈ ಹೊಟ್ಟೆ ಮೇಲೆ! ಕೈ ಹೊಟ್ಟೆ ಮೇಲೆ! ಅಂಕ ಕಟ್!” ಎಂದು ಸಭೆಯ ನಾಲ್ಕೂ ಮೂಲೆಗಳಿಂದ ಕೂಗು ಬಂತು. ಮೇಡಂ ಬೆಂಕಿ ಮುಟ್ಟಿದವರಂತೆ ಕೈ ತೆಗೆದರು.

ಮೂರನೆಯ ಸಲ ಕೇಳುವ ಮುನ್ನ ಕ್ಯಾಪ್ಟನ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಅವತ್ತು ನೀವು ಬಾಚೊಯ್ ತಿನ್ನಿಸದೇ ಇದ್ದಿದ್ರೆ ನಾನು ಮಾರನೇ ದಿನ ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ತಿದ್ದೆ ಮೇಡಂ. ಇಲ್ಲಿರೋ ಯಾರಿಗೂ ಇದು ಗೊತ್ತಿಲ್ಲ. ನನಗೋಸ್ಕರ ಇರಿ.” ಅದು ಪರೀಕ್ಷೆಯೋ ನಿಜವಾದ ಬೇಡಿಕೆಯೋ ನಮಗಾರಿಗೂ ತಿಳಿಯಲಿಲ್ಲ. ಅವರಿಗೇ ತಿಳಿದಿತ್ತೆಂದು ಹೇಳಲಾರೆವು. ಯಾರೂ ನಗಲಿಲ್ಲ.

ಮೇಡಂ ಆ ನರೆತ ತಲೆಯನ್ನು ನೋಡಿದರು. ಆಮೇಲೆ ತಿರುಗಿ ತಂಗಿಯನ್ನು ನೋಡಿದರು. ಕೊರಿಂಗ್ ಅವರು ಅಕ್ಕನ ಕಡೆ ನೋಡದೆ ತಮ್ಮ ಮಂಡಿಯನ್ನು ನೀವಿಕೊಳ್ಳುತ್ತಿದ್ದರು. ಮೇಡಂ ಎದ್ದು ನಿಂತರು. ನಗಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ, ಕೈಗಳೆರಡೂ ಪಕ್ಕದಲ್ಲಿದ್ದವು.

“ನೋ,” ಎಂದರು.

ಅದರಲ್ಲಿ ಜೋಗುಳದ ಎಳೆಯೂ ಇರಲಿಲ್ಲ. ನದಿಯ ಆಚೆ ದಡಕ್ಕೆ ಕೇಳಿಸಿರಬೇಕು.

“ನೋ,” ಎಂದು ಕ್ಯಾಪ್ಟನ್ ನಿಯಮದಂತೆ ಮರಳಿ ಹೇಳಿದರು. “ಅರ್ಥವಾಯಿತು, ಮೇಡಂ. ಪಾಸ್.” ಮೈಕನ್ನು ಮೇಜಿನ ಮೇಲಿಟ್ಟು, ಎಲ್ಲರೆದುರೇ ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ಆಮೇಲೆ ಸಭೆಯಲ್ಲಿ ಎದ್ದ ಗಲಾಟೆಯನ್ನು ವರ್ಣಿಸುವುದು ನಮ್ಮಿಂದಾಗದು. ಮೇಡಂ ಜಾಗಕ್ಕೆ ಹೊಸ ಉಪನ್ಯಾಸಕಿಯನ್ನು ಕ್ಯಾಪ್ಟನ್ ಮೊದಲೇ ಗೊತ್ತುಮಾಡಿದ್ದರೆಂಬ ಸಂಗತಿ ಆ ಗಲಾಟೆಯಲ್ಲಿ ಹೊರಬಿತ್ತು. ಬಿಬಿಂಗ್ಕಾವನ್ನು ಕೊರಿಂಗ್ ಅವರು ಯಾರೂ ಕೇಳದಿದ್ದರೂ ತೆಗೆದುಕೊಂಡು ತಿಂದರು.

ಮರುದಿನ ಕ್ರಿಸ್ಪೂಲೊ ಅವರ ಪಂಪ್ ಬೋಟಿನಲ್ಲಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ, ತಂಗಿಯ ಭುಜಕ್ಕೊರಗಿ ಬಿಸಿಂಗ್ ಮೇಡಂ ಜಲಸಂಧಿ ದಾಟಿದರು. ದಡದಲ್ಲಿ ನಿಂತು ಕೈಬೀಸಿದ ನಮ್ಮ ಕಡೆ ಅವರು ತಿರುಗಿ ನೋಡಲೂ ಇಲ್ಲ, ಆ ಸ್ಥಿತಿಯಲ್ಲಿರಲಿಲ್ಲ. ಕೋಣೆಗೆ ಈ ಸಲ ಬಳಿಸಿದ್ದು ತಿಳಿ ನೀಲಿಯಂತೆ. ಮೊನ್ನೆ ಹೋಗಿ ಬಂದವರು ಹೇಳಿದ ಪ್ರಕಾರ ಅಕ್ಕತಂಗಿಯರಿಬ್ಬರೂ ಮಾವಿನ ಮರದ ಕೆಳಗೆ ಕೂತು, ಯಾರು ಮೊದಲು ಎದ್ದು ಕಾಫಿ ಮಾಡಬೇಕೆಂದು ಜಗಳವಾಡುತ್ತಿದ್ದರು. ಇಬ್ಬರೂ ನೋ ಎನ್ನುತ್ತಿದ್ದರಂತೆ. ಕೊನೆಗೆ ಕ್ರಿಸ್ಪೂಲೊ ಎದ್ದು ಹೋದರು.

ನಮ್ಮ ಗುರುಗಳಿಗೆ ದೇವರು ತುಂಬು ಆಯುಸ್ಸನ್ನು ಕೊಡಲಿ, ಕೊರಿಂಗ್ ಅವರ ಮಂಡಿ ಮಾವಿನ ಮರದವರೆಗಾದರೂ ನಡೆಸಲಿ, ಆ ನೀಲಿ ಕೋಣೆಯ ಬಣ್ಣ ಬಹುಕಾಲ ಮಾಸದಿರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇವೆ. ಇನ್ನೊಂದು ಮಾತುಂಟು. ‘ಅವರ ಅಮೂಲ್ಯ ಸೇವೆ ನಾಡಿಗೆ ಇನ್ನೂ ಬಹುಕಾಲ ಲಭಿಸುತ್ತಿರಲಿ’ ಎಂಬ ಸಾಲೊಂದನ್ನು ಕೊನೆಗೆ ಸೇರಿಸಬೇಕೆಂದು ಸಂಪಾದಕರು ನಮ್ಮನ್ನು ಮನೆಗೆ ಕರೆದು, ಹೊಟ್ಟೆತುಂಬ ಊಟ ಹಾಕಿ, ಮೂರು ಸಲ ಪ್ರೀತಿಯಿಂದ ಕೇಳಿಕೊಂಡರು. ನಾವು ಮೂರು ಸಲವೂ ‘ನೋ’ ಎಂದೆವು.